ಒಂದು ಭಾಷೆಗೆ ಒಂದು ಕೋಣೆ

ನಮ್ಮ ಮನೆಯೊಡತಿಗೆ ಬೀಗದಮ್ಮ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಯಾರೇ ಆಗಿರಲಿ, ಅವರ ಬಾಯಿಗೆ ಸಕ್ಕರೆ ಹಾಕಬೇಕು. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು, ಬಾಯಲ್ಲಿ ಯಾವಾಗಲೂ ಒಂದು ಕಾಯಿದೆ. ಬಂದರಿನ ಹಿಂದಿನ ಬೀದಿಯಲ್ಲಿ, ಉಗ್ರಾಣಗಳ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ ಅವಳ ಮನೆಯಲ್ಲಿ ಮಹಡಿಗೊಂದು ಕೋಣೆ. ನೆಲದ ಮಟ್ಟದಲ್ಲಿ, ಬೀದಿಯ ಕಡೆ ಅವಳು. ಅವಳ ಹಿಂದೆ, ಚರಂಡಿಯ ಪಕ್ಕದ ಕೋಣೆಯಲ್ಲಿ ನಾವು: ಹಡಗಿನಿಂದ ಇಳಿಯುವ ಮೂಟೆಗಳಿಗೆ ಕೊಕ್ಕೆ ಹಾಕುವ ನನ್ನ ಗಂಡ, ಉಗ್ರಾಣದ ಅಂಗಳದಲ್ಲಿ ಹರಿದ ಗೋಣಿಚೀಲ ಹೊಲಿಯುವ ನಾನು, ಮತ್ತು ನನ್ನ ಅತ್ತೆ.

ಆ ಕೋಣೆಯನ್ನು ಕೋಣೆ ಎಂದು ಕರೆದರೆ ಉಳಿದ ಕೋಣೆಗಳು ಮುನಿಸಿಕೊಂಡಾವು. ಸಮುದ್ರ ಏರಿದಾಗ ಚರಂಡಿಯ ನೀರು ಹೊರಗೆ ಹೋಗಲಾರದೆ ಹಿಂದಕ್ಕೆ ಒತ್ತಿ ನಮ್ಮ ಗೋಡೆಯೊಳಗೆ ಬರುತ್ತಿತ್ತು. ಗೋಡೆಯ ಸುಣ್ಣವನ್ನು ಉಪ್ಪು ತಿಂದು, ಕೈ ಇಟ್ಟಲ್ಲಿ ಪುಡಿ ಉದುರುತ್ತಿತ್ತು. ಹಾಸಿಗೆಯನ್ನು ಹಲಗೆಯ ಪೆಟ್ಟಿಗೆಗಳ ಮೇಲೆ ಹಾಸಿದರೂ ಬೆಳಿಗ್ಗೆ ಹಿಂಡಿದರೆ ನೀರು ಬರುವ ಹಾಗಿರುತ್ತಿತ್ತು. ನನ್ನ ಮೊದಲ ಮಗು ಅಲ್ಲಿ ಹುಟ್ಟಿತು, ಅಲ್ಲೇ ಎದೆ ಕಟ್ಟಿ ಹೋಯಿತು. ನೋಡಲು ಬಂದ ಡಾಕ್ಟರು ಗೋಡೆಗೆ ಬೆರಳು ಉಜ್ಜಿ, ಮೊದಲು ಮನೆ ಬದಲಿಸಿ ಎಂದಿದ್ದರು. ಅಂಗಿ ಬದಲಿಸಿ ಎಂದ ಹಾಗೆ ಹೇಳಿದರು. ಬಂದರು ದಾಟಿ ಒಳಪೇಟೆಗೆ ಹೋಗಿ ನಾವು ಬಾಯಿ ಬಿಟ್ಟರೆ ಸಾಕು, ನಮ್ಮ ಉಚ್ಚಾರ ಕೇಳಿದ ಮರುಕ್ಷಣ ಖಾಲಿ ಮನೆಗಳೆಲ್ಲ ಭರ್ತಿಯಾಗಿಬಿಡುತ್ತಿದ್ದವು.

ಹಾಗಾಗಿ ನಮಗೆ ಉಳಿದ ದಾರಿ ಒಂದೇ, ಅದೇ ಮನೆಯ ಮೆಟ್ಟಿಲು. ಅದಕ್ಕೂ ಬೀಗದಮ್ಮನ ಕಾಯಿದೆಗಳಿದ್ದವು. ಕೆಳಗೆ ಹೊಸಬರು ಬಾರದೆ ಮೇಲೆ ಯಾರೂ ಏರುವಂತಿಲ್ಲ. ತುದಿಯ ಕೋಣೆ ಖಾಲಿಯಾದರೂ ಬೀಗ ಜಡಿದು ಇಡುತ್ತಾಳೆ. ಚರಂಡಿ ಕೋಣೆಗೆ ಯಾರಾದರೂ ಗಂಟು ಬಿದ್ದ ಮೇಲೆಯೇ ಎಲ್ಲರೂ ಒಂದೊಂದು ಮಹಡಿ ಮೇಲಕ್ಕೆ. ಇನ್ನೊಂದು ಕಾಯಿದೆ ಅದಕ್ಕಿಂತ ಗಟ್ಟಿ. ಒಂದು ಭಾಷೆಗೆ ಒಂದೇ ಕೋಣೆ. ಹೊಸಬರ ಮಾತು ಮನೆಯಲ್ಲಿ ಯಾರಿಗಾದರೂ ಅರ್ಥವಾಯಿತೋ, ಅವರು ಆ ಕೋಣೆಯವರ ಜೊತೆಗೇ ತುರುಕಿಕೊಳ್ಳಬೇಕು. ಬೇರೆ ಕೋಣೆ ಇಲ್ಲ, ಯಾರೂ ಏರುವುದೂ ಇಲ್ಲ. ಹಿಂದೊಮ್ಮೆ ಮೂರು ಮಹಡಿಗಳಲ್ಲೂ ಒಂದೇ ಭಾಷೆಯವರು ಸೇರಿಕೊಂಡು, ಚರಂಡಿ ಸರಿಮಾಡಿಸುವವರೆಗೆ ಅವಳನ್ನು ಅವಳ ಮನೆಯೊಳಗೇ ಬಿಟ್ಟಿರಲಿಲ್ಲವಂತೆ. ಕೊನೆಗೆ ಅವರನ್ನೇ ಓಡಿಸಿದಳು. ಚರಂಡಿ ಹಾಗೇ ಉಳಿಯಿತು.

“ಎರಡು ಕೋಣೆಯವ್ರು ಒಂದೇ ಮಾತಾಡಿದ್ರೆ ನಾಳೆ ನನ್ನ ಬೀಗ ಒಡೀತಾರೆ. ನಾನೇನು ಕಿವಿಗೆ ಹೂ ಇಟ್ಕೊಂಡು ಕೂತಿದ್ದೀನಾ?” ಎನ್ನುವುದು ಅವಳ ವಾದ.

ಬಂದರಿನ ಕಲ್ಯಾಣ ಸಂಘದವರು ಆಗಾಗ ಬಂದು ನಮ್ಮನ್ನೆಲ್ಲ ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. ಒಂದೇ ಸೂರಿನಡಿ ಎಷ್ಟೊಂದು ಭಾಷೆ, ಎಷ್ಟೊಂದು ಸಾಮರಸ್ಯ ಎಂದು ಅವರಿಗೆ ಆನಂದ. ಬೀಗದಮ್ಮ ಹೊಸ ಮದುಮಗಳ ಹಾಗೆ ತಲೆ ತಗ್ಗಿಸುತ್ತಿದ್ದಳು. ನಾವೂ ಹಲ್ಲು ಕಿರಿಯುತ್ತಿದ್ದೆವು. ಪಕ್ಕದಲ್ಲಿ ನಿಂತವರ ಹೆಸರು ಯಾರಿಗೂ ಗೊತ್ತಿರಲಿಲ್ಲ. ನಮ್ಮ ಮೇಲಿನ ಮಹಡಿಯಲ್ಲಿ ಹಡಗಿನ ಹಗ್ಗ ಹೆಣೆಯುವವರು, ಅವರಿಗೆ ಹಗ್ಗದವರು ಎನ್ನುತ್ತಿದ್ದೆವು. ಅವರ ಮೇಲೆ ಹಡಗಿಗೆ ಬಣ್ಣ ಬಳಿಯುವ ಬಣ್ಣದವರು. ತುದಿಯಲ್ಲಿ ಸಾಮಾನು ಕಟ್ಟೆಯ ಗುಮಾಸ್ತನ ಸಂಸಾರ. ಗುಮಾಸ್ತನ ಹೆಂಡತಿ ಬಣ್ಣದವರ ಎಣ್ಣೆ ವಾಸನೆಗೆ ಮೂಗು ಮುಚ್ಚುತ್ತಿದ್ದಳು. ಬಣ್ಣದವಳಿಗೂ ಹಗ್ಗದವಳಿಗೂ ಮುಖ ಕೊಟ್ಟು ಮಾತಿಲ್ಲ. ಹಗ್ಗದವಳು ನಮ್ಮ ಬಾಗಿಲು ದಾಟುವಾಗ ಬಟ್ಟೆ ಎತ್ತಿ ಹಿಡಿಯುತ್ತಿದ್ದಳು. ನಾವು ಯಾರನ್ನು ನೋಡಿ ಮೂಗು ಮುರಿಯಬೇಕು ಹೇಳಿ? ನಮ್ಮ ಕೆಳಗೆ ಚರಂಡಿ ಮಾತ್ರ ಇತ್ತು.

ಅತ್ತೆಗೆ ಈ ಬಂದರಿನ ಊರಿನ ಭಾಷೆ ಕೇಳಿದರೆ ಅಷ್ಟಿಷ್ಟು ತಿಳಿಯುತ್ತಿತ್ತು, ಆಡಲು ಕಲಿತದ್ದು ಹಿಡಿಯಷ್ಟು. ನೀರು, ಉಪ್ಪು, ಕೊಡು, ಸಾಕು, ಇಲ್ಲ. “ಇಷ್ಟರಲ್ಲಿ ಒಂದು ಜನ್ಮ ಕಳೀಬಹುದು ಕಣೇ. ಮಿಕ್ಕದ್ದೆಲ್ಲ ಹರಟೆ,” ಎನ್ನುತ್ತಿದ್ದರು. ಆದರೆ ನಮ್ಮ ಮಾತಿನಲ್ಲಿ ಅವರ ಬಾಯಿಗೆ ಯಾರೂ ಎದುರಿಲ್ಲ. ನಾನು ಕಲಸಿದ ಹಿಟ್ಟಿಗೆ ಒಂದು ಬೈಗುಳ, ಒಗೆದ ಬಟ್ಟೆಗೆ ಒಂದು, ಸುಮ್ಮನೆ ಕೂತರೆ ಎರಡು. ಬೈಯದ ದಿನ ಅವರಿಗೆ ಜ್ವರ ಬಂದಿರಬೇಕು ಎಂದು ನಾನೇ ಹಣೆ ಮುಟ್ಟಿ ನೋಡುತ್ತಿದ್ದೆ.

ಅವರ ಬಾಯಿ ಸಿಹಿಯಾಗುತ್ತಿದ್ದದ್ದು ತಮ್ಮನ ಮಾತು ಬಂದಾಗ ಮಾತ್ರ. ತಾಯಿ ಹೋದಾಗ ಆ ತಮ್ಮ ಇನ್ನೂ ಅಂಬೆಗಾಲಿಡುತ್ತಿದ್ದನಂತೆ. ಅತ್ತೆಯೇ ಹೊತ್ತು, ಉಣಿಸಿ, ಮದುವೆ ಮಾಡಿಸಿದ್ದರು. ನನ್ನ ಗಂಡನಿಗೆ ಸೋದರಮಾವ. ನಾನು ಅವರನ್ನು ನೋಡಿದ್ದು ನನ್ನ ಮದುವೆಯಲ್ಲಿ ಒಮ್ಮೆ. ಕಡಲಾಚೆ ನಮ್ಮ ನಾಡಿನಲ್ಲಿ ಕೆಲಸವೆಲ್ಲ ನಿಂತು, ಅವರೂ ಹೆಂಡತಿ ಮಗಳನ್ನು ಕಟ್ಟಿಕೊಂಡು ಹಡಗು ಹತ್ತುತ್ತಾರೆ ಎಂದು ಖಲಾಸಿಯೊಬ್ಬ ಬಾಯಿಮಾತಲ್ಲಿ ಸುದ್ದಿ ತಂದಿದ್ದ. ಅತ್ತೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

“ಬರ್ಲಿ, ಬರ್ಲಿ. ನಾನು ಬೈದ್ರೆ ಅರ್ಥ ಆಗೋರು ಇನ್ನೊಂದಿಷ್ಟು ಜನ ಆಗ್ತಾರೆ,” ಎಂದರು.

ಅದಾಗಿ ಸ್ವಲ್ಪ ದಿನಕ್ಕೆ ಗುಮಾಸ್ತನಿಗೆ ಒಳಪೇಟೆಯಲ್ಲಿ ಮನೆ ಸಿಕ್ಕಿತು. ಹೋಗುವಾಗ ಅವನ ಹೆಂಡತಿ ಹಿಂದಿರುಗಿ ಕೂಡ ನೋಡಲಿಲ್ಲ. ತುದಿಯ ಕೋಣೆಗೆ ಬೀಗ ಬಿತ್ತು. ಇನ್ನು ಕೆಳಗೆ ಯಾರಾದರೂ ಬರಬೇಕು, ಅಷ್ಟೇ. ನಾನು ಆಗ ಮತ್ತೆ ಬಸುರಿ, ಹೊಟ್ಟೆ ಎದ್ದು ಕಾಣುತ್ತಿತ್ತು. ಅತ್ತೆ ಬೆಳಿಗ್ಗೆ ಎದ್ದವರೇ ಮೊದಲು ಗೋಡೆ ಮುಟ್ಟಿ ನೋಡುತ್ತಿದ್ದರು, ಆಮೇಲೆ ನನ್ನ ಹೊಟ್ಟೆ. ಏನೂ ಹೇಳುತ್ತಿರಲಿಲ್ಲ. ಬಾಯಿ ಬಡುಕಿ ಅತ್ತೆ ಸುಮ್ಮನಾದರೆ ಸೊಸೆಗೆ ಎಂಥ ಹೆದರಿಕೆಯಾಗುತ್ತದೆ ಎಂಬುದು ನನಗೆ ಆಗ ಗೊತ್ತಾಯಿತು. ಈ ಮಗುವೂ ಆ ಗೋಡೆಯ ಪಕ್ಕದಲ್ಲೇ ಹುಟ್ಟಿದರೆ ಉಳಿಯುವುದಿಲ್ಲ ಎಂದು ನಮ್ಮಿಬ್ಬರಿಗೂ ತಿಳಿದಿತ್ತು.

ಬಾಡಿಗೆದಾರರನ್ನು ಹುಡುಕಲು ಬೀಗದಮ್ಮ ಖುದ್ದಾಗಿ ಬಂದರಿನ ಹೊರಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳು. ಗಂಟುಮೂಟೆ ಹೊತ್ತು, ಎಡಕ್ಕೋ ಬಲಕ್ಕೋ ತಿಳಿಯದೆ ನಿಂತವರನ್ನು ಕೈಹಿಡಿದು, ದಾರಿಯುದ್ದಕ್ಕೂ ಕೈಸನ್ನೆಯಲ್ಲಿ ತನ್ನ ಕಾಯಿದೆ ತಿಳಿಸುತ್ತಾ ಕರೆತರುತ್ತಾಳೆ. ತಂದ ಮೇಲೆ ಬಾಗಿಲು ತೋರಿಸುವ ಶಾಸ್ತ್ರ. ತುದಿಯಿಂದ ಶುರು ಮಾಡಿ ಒಂದೊಂದೇ ಬಾಗಿಲ ಮುಂದೆ ಹೊಸಬರನ್ನು ನಿಲ್ಲಿಸಿ, ಏನಾದರೂ ಮಾತಾಡಿಸಿ, ಒಳಗಿನವರನ್ನು ಕೇಳುತ್ತಾಳೆ: ಇವರ ಮಾತು ಗೊತ್ತಾ? ಎಲ್ಲ ಬಾಗಿಲಲ್ಲೂ ಇಲ್ಲ ಎಂದರೆ ಹೊಸ ಕೋಣೆ. ಒಂದು ಬಾಗಿಲಲ್ಲಿ ಹೌದು ಎಂದರೆ ಆ ಕೋಣೆಯವರ ಗ್ರಹಚಾರ.

ಆ ದಿನ ಹಡಗುಕಟ್ಟೆಗೆ ರಜೆ, ಗಂಡ ಮನೆಯಲ್ಲೇ ಇದ್ದ. ನಾನು ಹಿಟ್ಟು ಕಲಸುತ್ತಿದ್ದೆ. ಬೀಗದ ಕೈಗಳ ಸದ್ದು ಮೇಲಿಂದ ಇಳಿದು ಬರುತ್ತಿತ್ತು. ಬಣ್ಣದವಳು ಇಲ್ಲ ಎಂದದ್ದು ಕೇಳಿಸಿತು. ಹಗ್ಗದವಳೂ ಇಲ್ಲ ಎಂದಳು. ಅತ್ತೆ ಪೆಟ್ಟಿಗೆಯ ಮೇಲೆ ಕುಳಿತವರು ಎದ್ದು ನಿಂತರು. “ಬಂದ್ರು ಕಣೇ, ಯಾರೋ ಬಂದ್ರು. ಸಾಮಾನು ಕಟ್ಟೋಕೆ ಹಗ್ಗ ಎಲ್ಲಿಟ್ಟೆ?” ಎಂದು ಅವಸರಪಟ್ಟರು. ಅಷ್ಟರಲ್ಲಿ ಬಾಗಿಲು ತೆರೆಯಿತು.

ಬೀಗದಮ್ಮನ ಹಿಂದೆ ಅತ್ತೆಯ ಮೂಗು ನಿಂತಿತ್ತು. ಅದೇ ಉದ್ದ, ಅದೇ ಡೊಂಕು, ಗಂಡಸಿನ ಮುಖದ ಮೇಲೆ. ಹೆಗಲ ಮೇಲೆ ಗಂಟು, ಪಕ್ಕದಲ್ಲಿ ಹೆಂಡತಿ, ಅವಳ ತೋಳಿನಲ್ಲಿ ಈಗಷ್ಟೇ ಮಾತು ಕಲಿತಿರಬಹುದಾದ ಮಗಳು. ಸೋದರಮಾವ ನನ್ನನ್ನು ನೋಡಿದರು, ಗುರುತು ಹತ್ತಲಿಲ್ಲ. ಆಮೇಲೆ ಅತ್ತೆಯನ್ನು ನೋಡಿದರು. ಅವರ ಮುಖ ಅರಳಿದ್ದನ್ನು ನಾನು ಸಾಯುವವರೆಗೂ ಮರೆಯಲಾರೆ.

“ಅಕ್ಕಾ! ಅಯ್ಯೋ, ಏನೇ ಇದು, ಇಷ್ಟು ಇಳಿದು ಹೋಗಿದ್ದೀಯಾ!”

“ಏನಂತಾನೆ?” ಎಂದು ಬೀಗದಮ್ಮ ಊರಿನ ಭಾಷೆಯಲ್ಲಿ ಕೇಳಿದಳು. “ಇವರ ಮಾತು ನಿಮಗೆ ಗೊತ್ತಾ?”

ನನ್ನ ಗಂಡ ಬಾಯಿ ತೆರೆದ. ಅವನ ಗಂಟಲಿನಿಂದ ಸದ್ದು ಹೊರಡುವ ಮೊದಲೇ ಅತ್ತೆ ಹೇಳಿಬಿಟ್ಟರು, ಅವರಿಗೆ ಬರುತ್ತಿದ್ದ ಹಿಡಿಯಷ್ಟು ಮಾತುಗಳಲ್ಲಿ ಒಂದನ್ನು.

“ಇಲ್ಲ.”

ಸೋದರಮಾವ ಇನ್ನೂ ನಗುತ್ತಲೇ ಇದ್ದರು. ತಮಾಷೆ ಎಂದುಕೊಂಡರೋ ಏನೋ. ಚಿಕ್ಕವರಿದ್ದಾಗ ಮಣ್ಣು ಮೆತ್ತಿಕೊಂಡು ಮನೆಗೆ ಬಂದರೆ, ನೀನು ಯಾರ ಮನೆಯ ಮಗನಪ್ಪಾ ಎಂದು ಅಕ್ಕ ಬಾಗಿಲಲ್ಲೇ ತಡೆದು ಸತಾಯಿಸುತ್ತಿದ್ದಳಂತೆ. “ಅಕ್ಕಾ, ನಾನು ಕಣೇ,” ಎಂದರು.

“ಇಲ್ಲ,” ಎಂದರು ಅತ್ತೆ ಮತ್ತೆ. ತಮ್ಮನ ಮುಖ ನೋಡಲಿಲ್ಲ, ಬೀಗದಮ್ಮನ ಸೊಂಟದ ಗೊಂಚಲನ್ನು ನೋಡುತ್ತಿದ್ದರು.

ಸೋದರಮಾವನ ನಗು ಆಗ ಇಳಿಯಿತು. ಅವರ ಕಣ್ಣು ಕೋಣೆಯನ್ನೆಲ್ಲ ಸುತ್ತಿ ಬಂತು. ಗೋಡೆ, ಪೆಟ್ಟಿಗೆಗಳ ಮೇಲಿನ ಹಾಸಿಗೆ, ನನ್ನ ಹೊಟ್ಟೆ. ಹೆಂಡತಿ ಅವರ ತೋಳು ಎಳೆದು, “ಏನ್ರೀ ಇದು? ಅಕ್ಕ ಯಾಕೆ ಹೀಗಂತಾರೆ?” ಎಂದು ಅಳುದನಿಯಲ್ಲಿ ಕೇಳಿದಳು. ಅವರು ನಮ್ಮ ಮಾತಿನಲ್ಲೇ, ಮೆಲ್ಲಗೆ, “ಇವರಲ್ಲ. ನಾವು ಬೇರೆ ಬಾಗಿಲಿಗೆ ಬಂದಿದ್ದೀವಿ,” ಎಂದರು. ಆಮೇಲೆ ಬೀಗದಮ್ಮನ ಕಡೆ ತಿರುಗಿ, ಹಡಗಿನಲ್ಲಿ ಕಲಿತ ಮುರುಕಲು ಭಾಷೆಯಲ್ಲಿ, “ಗೊತ್ತಿಲ್ಲ. ಬೇರೆ ಜನ,” ಎಂದರು.

ಬೀಗದಮ್ಮ ಒಂದು ಕ್ಷಣ ಅಕ್ಕನನ್ನೂ ತಮ್ಮನನ್ನೂ ನೋಡಿದಳು. “ಸರಿ. ಗಂಟು ಕಟ್ಟಿ ಮತ್ತೆ. ಏರಿ ಎಲ್ಲಾರೂ,” ಎಂದಳು.

ಆ ಮಧ್ಯಾಹ್ನವೇ ಎಲ್ಲರೂ ಏರಿದೆವು. ನಾವು ಸಾಮಾನು ಹೊತ್ತು ಹೊರಗೆ ಬರುತ್ತಿದ್ದಂತೆ ಅವರು ಒಳಗೆ ಹೋಗುತ್ತಿದ್ದರು. ಬಾಗಿಲು ಕಿರಿದು, ಒಬ್ಬರಿಗೊಬ್ಬರು ಮೈ ತಾಗಿಸದೆ ದಾಟುವ ಹಾಗಿರಲಿಲ್ಲ. ಅತ್ತೆ ಹಾಸಿಗೆಯ ಪೆಟ್ಟಿಗೆಗಳನ್ನು ಬೇಕೆಂದೇ ಅಲ್ಲಿ ಬಿಟ್ಟು ಬಂದಿದ್ದರು, ಮಗು ನೆಲದಲ್ಲಿ ಮಲಗದಿರಲಿ ಎಂದು. ಸಂಜೆಯ ಹೊತ್ತಿಗೆ ಆ ಪೆಟ್ಟಿಗೆಗಳು ನಮ್ಮ ಹೊಸ ಬಾಗಿಲ ಮುಂದೆ ಬಂದು ಕುಳಿತಿದ್ದವು. ಸೋದರಮಾವನೇ ತಂದಿಟ್ಟು ಹೋಗಿದ್ದರು.

ಮೇಲಿನ ಕೋಣೆಗೆ ಕಿಟಕಿ ಇತ್ತು. ಗೋಡೆ ಮುಟ್ಟಿದರೆ ಗೋಡೆಯ ಹಾಗೆಯೇ ಇತ್ತು. ನನಗೆ ಆ ದಿನ ಸಂತೋಷವಾಯಿತು. ಪಾಪ ಅನ್ನಿಸಬೇಕಿತ್ತು ಎನ್ನುವವರು ಒಂದು ಮಗುವನ್ನು ಬಟ್ಟೆಯಲ್ಲಿ ಸುತ್ತಿ ಕಳಿಸಿಕೊಟ್ಟು ಬಂದು ಆಮೇಲೆ ನನಗೆ ಬುದ್ಧಿ ಹೇಳಲಿ. ಮಗ ಹುಟ್ಟಿದ, ಎದೆ ಬಿರಿಯುವ ಹಾಗೆ ಅತ್ತ, ಉಳಿದ. ಅತ್ತೆ ಅವನನ್ನು ಕಿಟಕಿಯ ಬಿಸಿಲಿಗೆ ಹಿಡಿದು ಕಣ್ಣೀರು ಸುರಿಸುತ್ತಾ ನನ್ನನ್ನು ಬೈದರು, ಬಾಣಂತಿ ಎದ್ದು ಓಡಾಡುತ್ತಾಳೆ ಎಂದು.

ಅತ್ತೆಯ ಲೆಕ್ಕಾಚಾರ ಸರಳವಾಗಿತ್ತು. ಬೀಗದಮ್ಮ ಹೊರಗೆ ಹೋದಾಗ ಕೆಳಗಿಳಿದು ತಮ್ಮನ ಕೈ ಹಿಡಿದುಕೊಳ್ಳುವುದು. ಅವನು ಬೈಯುವುದು, ತಾವು ಬೈಸಿಕೊಳ್ಳುವುದು. “ಬೈದ್ರೆ ಬೈತಾನೆ. ನನ್ನ ಎಂಜಲು ತಿಂದು ಬೆಳೆದೋನು, ಎಷ್ಟು ದಿನ ಮುನಿಸ್ಕೊಂಡಾನು?” ಎಂದರು. ಒಂದು ಮಧ್ಯಾಹ್ನ ತಟ್ಟೆಯಲ್ಲಿ ಊಟ ಮುಚ್ಚಿಕೊಂಡು ಇಳಿದು ಹೋಗಿ, ಮುಚ್ಚಿದ ತಟ್ಟೆಯನ್ನೇ ಹಿಡಿದುಕೊಂಡು ಹತ್ತಿ ಬಂದರು. ಸೋದರಮಾವ ಬಾಗಿಲಿಗೆ ಬಂದು, ಊರಿನ ಭಾಷೆಯಲ್ಲಿ, “ಬೇಡ ಅಮ್ಮ. ಗೋಡೆಗೆ ಕಿವಿ,” ಎಂದಷ್ಟೇ ಹೇಳಿದರಂತೆ.

“ಅಮ್ಮ ಅಂತ ಕಣೇ. ಬೀದೀಲಿ ಹೋಗೋ ಮುದುಕೀನ ಕರೆದ ಹಾಗೆ,” ಎಂದರು ಅತ್ತೆ. ಆಮೇಲೆ ತಾವೇ ಸಮಾಧಾನ ಮಾಡಿಕೊಂಡರು. “ಹೆದರಿದ್ದಾನೆ ಪಾಪ. ಗೊತ್ತಾದ್ರೆ ಇಬ್ಬರನ್ನೂ ಹೊರಗೆ ಹಾಕ್ತಾಳಲ್ಲ ಆ ಮಾರಿ. ಬುದ್ಧಿವಂತ ಅವನು.”

ಹೆದರಿಕೆ ಎಂದೇ ನಾವೆಲ್ಲ ನಂಬಿದೆವು. ನಂಬುವುದು ಸುಲಭವೂ ಆಗಿತ್ತು. ಸೋದರಮಾವ ಹಡಗಿನ ಹೊಟ್ಟೆಗೆ ಹಿಡಿದ ತುಕ್ಕು ಕೆರೆಯುವ ಕೆಲಸಕ್ಕೆ ಸೇರಿದರು. ಕಟ್ಟೆಯ ಮೇಲೆ ನನ್ನ ಗಂಡ ಎದುರಾದರೆ ಬೇರೆಯವರಿಗೆ ಮಾಡಿದ ಹಾಗೆಯೇ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಅವರ ಹೆಂಡತಿ ಗೋಣಿಚೀಲದ ಅಂಗಳಕ್ಕೆ ಬಂದಳು. ನಾನು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರೆ, ಅವಳು ದಬ್ಬಳ ಎತ್ತಿಕೊಂಡು ಆಚೆ ಸಾಲಿಗೆ ಹೋಗಿ ಕುಳಿತಳು. ಅಲ್ಲಿ ಬೀಗದಮ್ಮನೂ ಇರಲಿಲ್ಲ, ಗೋಡೆಯೂ ಇರಲಿಲ್ಲ. ಆಗಲಾದರೂ ನನಗೆ ಹೊಳೆಯಬೇಕಿತ್ತು.

ಅವರು ತಮ್ಮ ಕೋಣೆಯೊಳಗೂ ನಮ್ಮ ಮಾತು ಬಿಟ್ಟಿದ್ದರು. ನಮ್ಮ ನೆಲವೇ ಅವರ ಚಾವಣಿಯಾದ್ದರಿಂದ ಎಲ್ಲ ಕೇಳಿಸುತ್ತಿತ್ತು. ಗಂಡ ಹೆಂಡತಿ ಜಗಳವಾಡುವುದೂ ಊರಿನ ಭಾಷೆಯಲ್ಲೇ, ಬರದ ಭಾಷೆಯಲ್ಲಿ. ಅದೊಂದು ಕೇಳುವಂಥ ಜಗಳ. ಬೈಗುಳ ಸಿಗದೆ ಇಬ್ಬರೂ ಅರ್ಧಕ್ಕೇ ನಿಂತುಬಿಡುತ್ತಿದ್ದರು. ಮೊದಮೊದಲು ಗಂಡನಿಗೂ ನನಗೂ ನಗು ಬರುತ್ತಿತ್ತು. ಅತ್ತೆ ನಗುತ್ತಿರಲಿಲ್ಲ. ನೆಲದ ಮೇಲೆ ಮಲಗಿ, ಹಲಗೆಗೆ ಕಿವಿ ಕೊಟ್ಟು, ಒಂದಾದರೂ ನಮ್ಮ ಮಾತು ಜಾರೀತೇ ಎಂದು ಕಾಯುತ್ತಿದ್ದರು. ಅಲ್ಲಿಂದ ಬರುತ್ತಿದ್ದದ್ದು ಮಗುವಿನ ಕೆಮ್ಮು. ಕೆಮ್ಮಿಗೆ ಭಾಷೆ ಇಲ್ಲವಲ್ಲ, ಅದು ನಮ್ಮ ಮೊದಲ ಮಗುವಿನ ಕೆಮ್ಮಿನ ಹಾಗೆಯೇ ಇತ್ತು.

ಆ ಹುಡುಗಿ ಸಾಯಲಿಲ್ಲ, ಗಟ್ಟಿ ಜೀವ. ಆದರೆ ಅವಳ ಎದೆಯಲ್ಲಿ ಒಂದು ಸಿಳ್ಳೆ ಉಳಿದುಬಿಟ್ಟಿತು. ಓಡಿದರೆ, ನಕ್ಕರೆ ಕೇಳಿಸುತ್ತಿತ್ತು. ಸ್ವಲ್ಪ ದೊಡ್ಡವಳಾದ ಮೇಲೆ ನೀರು ಹಿಡಿಯಲು ಅವಳೇ ನಲ್ಲಿಗೆ ಬರುತ್ತಿದ್ದಳು. ಅತ್ತೆ ಒಂದು ದಿನ ತಡೆಯಲಾರದೆ ಅವಳ ಗಲ್ಲ ಹಿಡಿದು, “ಕಂದಾ, ನಾನು ನಿಮ್ಮಪ್ಪನ ಅಕ್ಕ ಕಣೇ. ನಿನಗೆ ಸೋದರತ್ತೆ,” ಎಂದು ನಮ್ಮ ಮಾತಿನಲ್ಲಿ ಹೇಳಿದರು. ನಾನು ಪಕ್ಕದಲ್ಲೇ ಇದ್ದೆ. ಹುಡುಗಿ ಹೆದರಲಿಲ್ಲ, ಕೈ ಕೊಡವಲಿಲ್ಲ. ಅತ್ತೆಯ ಬಾಯನ್ನೇ ಕುತೂಹಲದಿಂದ ನೋಡಿದಳು. ಆಮೇಲೆ ಒಳಗೆ ತಿರುಗಿ, ಊರಿನ ಭಾಷೆಯಲ್ಲಿ, ಊರಿನಲ್ಲೇ ಹುಟ್ಟಿದವರ ಹಾಗೆ ಕೂಗಿದಳು.

“ಅಮ್ಮಾ, ಮೇಲಿನ ಅಜ್ಜಿ ನಂಗೇನೋ ಹೇಳ್ತಿದ್ದಾರೆ! ಇವರ ಭಾಷೆ ಯಾವುದಮ್ಮಾ?”

ಅತ್ತೆ ಕೊಡವನ್ನು ಅಲ್ಲೇ ಬಿಟ್ಟು ಹತ್ತಿ ಬಂದರು. “ನಾನಂದ ಸುಳ್ಳು ನಿಜ ಆಗ್ಹೋಯ್ತು ಕಣೇ. ನಿಜವಾಗ್ಲೂ ಬೇರೆ ಜನ ಆಗ್ಹೋದ್ರು,” ಎಂದರು. ಆ ದಿನ ನನಗೆ ಒಂದೂ ಬೈಗುಳ ಬೀಳಲಿಲ್ಲ.

ಹೀಗೇ ವರ್ಷಗಳು ಹೋದವು. ಅತ್ತೆಯ ಕಾಲುಗಳು ಸೋತವು. ಆಮೇಲೆ ಬಣ್ಣದವರ ದೊಡ್ಡ ಮಗ ಒಳಪೇಟೆಯಲ್ಲಿ ಮನೆ ಹಿಡಿದ, ಅವರು ತುದಿಯ ಕೋಣೆ ಬಿಡುವುದೆಂದಾಯಿತು. ಬೀಗದಮ್ಮ ಬಂದರಿಗೆ ಹೋಗಿ ಹೊಸಬರನ್ನು ತಂದಳು. ಎಲ್ಲ ಬಾಗಿಲಲ್ಲೂ ನಿಜವಾಗಿಯೇ ಯಾರಿಗೂ ಅವರ ಮಾತು ತಿಳಿಯಲಿಲ್ಲ. ಮತ್ತೆ ಎಲ್ಲರೂ ಏರುವ ದಿನ ಬಂತು. ಸೋದರಮಾವ ಕಡೆಗೂ ಚರಂಡಿ ಕೋಣೆಯಿಂದ ಹೊರಬಿದ್ದು ನಮ್ಮ ಕೋಣೆಗೆ ಬರುವವರು. ನಾವು ಅದರ ಮೇಲಿನದಕ್ಕೆ. ಆ ಬೆಳಿಗ್ಗೆ ಬಣ್ಣದವರ ಗಾಡಿ ಹೊರಟಾಗ ಹಗ್ಗದವಳು ಮೆಟ್ಟಿಲ ಕಿಟಕಿಗೆ ಹಣೆ ಒತ್ತಿ ಬಿಕ್ಕುತ್ತಿದ್ದಳು. ಒಂದು ದಿನವೂ ಮಾತಾಡದವಳು ಈಗ ಅಳುವುದೇಕೆ ಎಂದು ನನಗೆ ಸೋಜಿಗವಾಯಿತು.

ನನ್ನ ಗಂಡ ಮಂಚ ಹೊತ್ತು ಮೇಲೆ ಹೋಗಿದ್ದ. ಅತ್ತೆ ಬಾಗಿಲ ಬಳಿ ಗೋಡೆಗೆ ಒರಗಿ ಕುಳಿತಿದ್ದರು. ಮೂಟೆ ಹೊತ್ತು ಬಂದ ಸೋದರಮಾವ ಅವರನ್ನು ನೋಡಿ ನಿಂತರು. ಮೂಟೆ ಇಳಿಸಿದರು. ಯಾರೂ ಕೇಳದೆಯೇ ಅತ್ತೆಯ ಮುಂದೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕುಳಿತರು. “ಹತ್ತು ಅಮ್ಮ,” ಎಂದರು ಊರಿನ ಭಾಷೆಯಲ್ಲಿ.

ಅತ್ತೆ ಅವರ ಕೊರಳು ತಬ್ಬಿಕೊಂಡರು. ಹಾಸಿಗೆ ಸುತ್ತಿ ಹೊತ್ತುಕೊಂಡು ನಾನು ಹಿಂದೆಯೇ ಹತ್ತಿದೆ. ಕಿರಿದಾದ ಮೆಟ್ಟಿಲು, ಅತ್ತೆಯ ಬಾಯಿ ಅವರ ಕಿವಿಯಲ್ಲಿಯೇ ಇತ್ತು. ಒಂದೊಂದು ಮಾತೂ ನನಗೆ ಕೇಳಿಸಿತು.

“ಭಾರ ಆಗ್ತೀನೇನೋ? ನಿನ್ನ ಹೊತ್ತು ಹೊತ್ತು ನನ್ನ ಸೊಂಟವೇ ಒಂದು ಕಡೆ ವಾಲಿತ್ತು, ಗೊತ್ತಾ ನಿನಗೆ? ಇಳಿಸಿದ್ರೆ ಅಳ್ತಿದ್ದೆ... ಮಾತಾಡೋ. ಬೈಯೋ. ಪಾಪಿ ಅನ್ನು, ರಾಕ್ಷಸಿ ಅನ್ನು, ನಮ್ಮ ಮಾತಲ್ಲಿ ಅನ್ನು. ನಾನು ಹೋಗೋದ್ರೊಳಗೆ ಒಂದೇ ಒಂದು ಸಲ ಅಕ್ಕಾ ಅನ್ನೋ, ನನ್ನಪ್ಪಾ.”

ಸೋದರಮಾವ ಒಂದೊಂದೇ ಮೆಟ್ಟಿಲು ನೋಡಿ ಕಾಲಿಡುತ್ತಿದ್ದರು. ಮೇಲಿನ ಕೋಣೆಯಲ್ಲಿ ಅತ್ತೆಯನ್ನು ಮಂಚದ ಮೇಲೆ ಮೆಲ್ಲಗೆ, ಗಾಜಿನ ಪಾತ್ರೆ ಇಟ್ಟ ಹಾಗೆ ಇಳಿಸಿದರು. “ಜಾಗ್ರತೆ. ಗೋಡೆ ಹಿಡಿ,” ಎಂದರು. ಅದೂ ಊರಿನ ಭಾಷೆಯಲ್ಲಿ.

ನನ್ನ ಗಂಡ ಇದನ್ನೆಲ್ಲ ನೋಡುತ್ತಾ ನಿಂತಿದ್ದ. ಮೂಟೆಗೆ ಕೊಕ್ಕೆ ಹಾಕಿ ಹಾಕಿ ಮಾತು ಮರೆತ ಮನುಷ್ಯ ಅವನು. ಆ ದಿನ ದಡದಡನೆ ಇಳಿದು ಹೋಗಿ ಬೀಗದಮ್ಮನ ಮುಂದೆ ನಿಂತ. ಏನು ಅನಾಹುತ ಮಾಡುತ್ತಾನೋ ಎಂದು ನಾನೂ ಹಿಂದೆ ಓಡಿದೆ.

“ಅವರು ನಮ್ಮ ಸೋದರಮಾವ. ನಮ್ಮಮ್ಮನ ಸ್ವಂತ ತಮ್ಮ,” ಎಂದ. “ಹೊರಗೆ ಹಾಕೋದಾದ್ರೆ ಹಾಕು. ಅಲ್ಲಿ ಅವಳು ಒಂದು ಮಾತಿಗೆ ಸಾಯ್ತಿದ್ದಾಳೆ.”

ಬೀಗದಮ್ಮ ಗೊಂಚಲಿನಿಂದ ಒಂದು ಬೀಗದ ಕೈ ಬಿಡಿಸುತ್ತಿದ್ದವಳು ತಲೆ ಎತ್ತಲೂ ಇಲ್ಲ.

“ಗೊತ್ತು,” ಎಂದಳು. “ಆ ಮೂಗು ನೋಡಿಯೇ ಅವನನ್ನ ಕರ್ಕೊಂಡು ಬಂದದ್ದು. ಬಂದರಿನ ಬಾಗಿಲಲ್ಲಿ ಅವತ್ತು ಬೇರೆ ಜನ ಇರ್ಲಿಲ್ಲ ಅನ್ಕೊಂಡ್ರಾ?”

ಗಂಡ ನನ್ನ ಮುಖ ನೋಡಿದ.

“ನೋಡಪ್ಪಾ, ಬೇರೆ ಬೇರೆ ಭಾಷೆಯವ್ರು ಇವತ್ತು ಮುಖ ತಿರುಗಿಸ್ತಾರೆ, ನಾಳೆ ಊರಿನ ಮಾತು ಕಲಿತು ಒಂದಾಗ್ತಾರೆ. ನನಗೆ ಆಗ ಕಷ್ಟ. ಒಡಹುಟ್ಟಿದೋರು ಒಂದ್ಸಲ ಬಾಗಿಲಲ್ಲಿ ನಿಂತು ಗೊತ್ತಿಲ್ಲ ಅಂದ್ಬಿಟ್ರೆ ಮುಗೀತು. ಮತ್ತೆ ಯಾವತ್ತೂ ಒಂದಾಗಲ್ಲ. ಅಂಥ ಬಾಡಿಗೆದಾರರು ಸಿಗೋಕೆ ಪುಣ್ಯ ಮಾಡಿರ್ಬೇಕು.” ಬೀಗದ ಕೈ ಬಿಡಿಸಿ ನನ್ನ ಕೈಯಲ್ಲಿಟ್ಟಳು, ಹೊಸ ಕೋಣೆಯದು. “ಇವತ್ತು ಗಾಡಿ ಹತ್ತಿ ಹೋದಳಲ್ಲ ಬಣ್ಣದವಳು, ಅವಳು ಹಗ್ಗದವಳಿಗೆ ಏನಾಗಬೇಕು, ಕೇಳ್ಕೊಂಡು ಬಾ ಹೋಗು. ಸ್ವಂತ ತಂಗಿ.”

ನನಗೆ ಅವಳ ಮೇಲೆ ಬರಬೇಕಾದ ಸಿಟ್ಟು ಬರಲಿಲ್ಲ, ನಾಚಿಕೆಗೆಟ್ಟ ಒಂದು ಆಸೆ ಬಂತು. ಅವಳಿಗೆ ಗೊತ್ತಿದ್ದ ಮೇಲೆ ಹೆದರಲು ಇನ್ನೇನಿದೆ? ಇಷ್ಟು ವರ್ಷ ವ್ಯರ್ಥವಾಯಿತು, ಹೋಗಲಿ, ಇನ್ನು ಮಾತಾಡಬಹುದಲ್ಲ! ಎದುರಿಗೆ ಸೋದರಮಾವ ಅವರ ಕೊನೆಯ ಮೂಟೆ ಹೊತ್ತು ಹತ್ತುತ್ತಿದ್ದರು. ಹಿಂದೆಯೇ ಓಡಿಹೋಗಿ ನಮ್ಮ ಮಾತಿನಲ್ಲೇ ಗಟ್ಟಿಯಾಗಿ ಕೂಗಿದೆ.

“ಮಾವಾ, ನಿಲ್ಲಿ! ಅವಳಿಗೆ ಮೊದಲಿಂದ್ಲೂ ಗೊತ್ತಿತ್ತಂತೆ. ಇನ್ನು ಹೆದರೋದೇನೂ ಇಲ್ಲ. ಬನ್ನಿ, ಅತ್ತೆ ಹತ್ರ ಒಂದು ಮಾತಾಡಿ ಬನ್ನಿ.”

ಅವರು ನಿಂತರು. ಮೂಟೆಯನ್ನು ಮೆಟ್ಟಿಲ ಮೇಲೆ ಇಟ್ಟು ಅದರ ಪಕ್ಕದಲ್ಲಿ ಕುಳಿತರು. ತುಕ್ಕಿನ ಪುಡಿ ಅವರ ಕೈಗೆರೆಗಳಲ್ಲಿ ಕುಳಿತು ಕೆಂಪಾಗಿತ್ತು. ಇಷ್ಟು ವರ್ಷಗಳ ಮೇಲೆ ನಮ್ಮ ಮಾತಿನಲ್ಲಿ ಮಾತಾಡಿದರು. ಒಂದೊಂದೇ ಮಾತನ್ನು ಹುಡುಕಿ ತೆಗೆಯುವವರ ಹಾಗೆ ಮಾತಾಡಿದರು.

“ಹೆದರಿ ಸುಮ್ಮನಿದ್ದೆ ಅನ್ಕೊಂಡ್ಯಾ ತಾಯಿ?” ಎಂದರು. “ನಿನ್ನ ಹೊಟ್ಟೆ ನಾನೂ ನೋಡ್ದೆ, ಗೋಡೆ ನೋಡ್ದೆ. ಮನುಷ್ಯನಿಗೆ ಅಷ್ಟು ಅರ್ಥ ಆಗಲ್ವಾ? ಅಕ್ಕ ನನ್ನ ಮುಖ ನೋಡಿ ಕಣ್ಣಲ್ಲಿ ಒಂದು ಸನ್ನೆ ಮಾಡಿದ್ರೆ ಅವಳಿಗಿಂತ ಮೊದಲು ನಾನೇ ಇಲ್ಲ ಅಂತಿದ್ದೆ. ಒಂದು ಗಳಿಗೆ ತಡವರಿಸಿದ್ರೂ ಸಾಕಿತ್ತು ನನಗೆ. ಕೇಳಿದ್ದೇ ತಡ, ಇಲ್ಲ ಅಂದ್ಳು. ನನ್ನ ಇಲ್ಲ ಅನ್ನೋಕೆ ಅವಳಿಗೆ ಅಷ್ಟೇ ಹೊತ್ತು ಸಾಕಾಯ್ತು.”

“ನನ್ನ ಮಗುಗೋಸ್ಕರ...” ಎಂದೆ.

“ನನಗೂ ಒಂದು ಮಗು ಇತ್ತು, ತೋಳಲ್ಲಿ,” ಎಂದರು. ಎದ್ದು ಮೂಟೆ ಹೆಗಲಿಗೇರಿಸಿ, ನಾವು ಬಿಟ್ಟು ಬಂದ ಕೋಣೆಯೊಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಒಳಗೆ ಅವರ ಮಗಳು ಕಿಟಕಿ ಸಿಕ್ಕ ಖುಷಿಗೆ ನಗುತ್ತಿದ್ದಳು, ಸಿಳ್ಳೆಯ ಸಮೇತ.

ನಾನು ಮೇಲೆ ಹೋದೆ. ಅತ್ತೆ ಮಂಚದ ಮೇಲೆ, ಬಾಗಿಲ ಕಡೆಗೇ ಮುಖ ಮಾಡಿ ಕುಳಿತಿದ್ದರು. ಮೆಟ್ಟಿಲಿನಿಂದ ನಮ್ಮ ಮಾತಿನ ದನಿ ಬಂದದ್ದು ಕೇಳಿಸಿರಬೇಕು, ಮಾತುಗಳು ಕೇಳಿಸಿರಲಾರವು. ಅವರ ಮುಖ ಅಂದು ಬಾಗಿಲಲ್ಲಿ ತಮ್ಮನ ಮುಖ ಇದ್ದ ಹಾಗೆ ಇತ್ತು.

“ಮಾತಾಡಿದ್ನಲ್ಲ? ನಮ್ಮ ಮಾತಲ್ಲೇ ಮಾತಾಡ್ದ, ನಾನು ಕೇಳ್ದೆ,” ಎಂದರು. “ಏನಂದ? ಹೇಳೇ, ಏನಂದ ನನ್ನ ತಮ್ಮ?”

ನಾನು ಹಾಸಿಗೆ ಕೊಡವುವ ನೆಪ ಮಾಡಿದೆ. ದಿಂಬು ಎತ್ತಿ ಈ ಕಡೆಯಿಂದ ಆ ಕಡೆಗೆ ಇಟ್ಟೆ.

“ಅದು... ಅಕ್ಕ ಚೆನ್ನಾಗಿರ್ಲಿ ಅಂದ್ರು. ಆಮೇಲೆ... ಕೆಲಸ ಎಲ್ಲ ಮುಗಿಸಿ ಬರ್ತೀನಿ ಅಂದ್ರು ಅತ್ತೆ.”

ಅತ್ತೆ ನನ್ನನ್ನೇ ನೋಡುತ್ತಿದ್ದರು. ಮುಖದ ಆ ಕಳೆ ನನ್ನ ಕಣ್ಣೆದುರಿಗೇ ಇಳಿದು ಹೋಯಿತು.

“ತಡವರಿಸ್ತೀಯಲ್ಲೇ,” ಎಂದರು. “ಸುಳ್ಳು ಹೇಳೋವಾಗ ತಡವರಿಸ್ಬಾರದು ಕಣೇ. ಇಷ್ಟು ವರ್ಷ ಜೊತೆಗಿದ್ದು, ನನ್ನ ನೋಡಿಯಾದ್ರೂ ಕಲೀಬಾರದಿತ್ತಾ?”